ಕತ್ತರಿ ಹಿಡಿದ ಸಂಗೀತಗಾರ ಮತ್ತು ಕೊಡಗಿನ ಹಳೆಯ ಟೇಪುಗಳು

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ತಯಾರಾಗುವ ಸಂಗೀತದ ಬಗ್ಗೆ ತಮ್ಮ ವಾಚಕರ ವಿಭಾಗದಲ್ಲಿ ಈಚೆಗೆ ನಡೆದ ಚರ್ಚೆಯನ್ನು ಆಸಕ್ತಿಯಿಂದ ಓದಿದ್ದೇನೆ. ಎಲೆಕ್ಟ್ರಾನಿಕ್ ಸಂಗೀತವೆಂದರೆ ಗುಂಡಿ ಒತ್ತಿದೊಡನೆ ಯಂತ್ರ ಹೊರಡಿಸುವ ಸದ್ದು, ಅದರಲ್ಲಿ ಮನುಷ್ಯನ ಕೈಗಾಗಲಿ ಕಿವಿಗಾಗಲಿ ಕೆಲಸವೇ ಇಲ್ಲ ಎಂಬ ಮಾತು ಒಂದೆರಡು ಪತ್ರಗಳಲ್ಲಿ ಬಂದಿತ್ತು. ಈ ಸಂಗೀತ ಹುಟ್ಟಿದ ಬಗೆಯನ್ನು ಬಲ್ಲವರು ಆ ಮಾತನ್ನು ಒಪ್ಪಲಾರರು. ಪೋಲೆಂಡಿನ ರೇಡಿಯೋ ತಂತ್ರಜ್ಞ, ಸಂಯೋಜಕ ಎವ್ಗೆನ್ಯುಷ್ ರುದ್ನಿಕ್ ಅವರ ಬದುಕು ಅದಕ್ಕೆ ಸಾಕಷ್ಟು ಉತ್ತರ ಕೊಡುತ್ತದೆ. ಅವರ ವಿಷಯ ಕನ್ನಡದಲ್ಲಿ ಬಂದದ್ದನ್ನು ನಾನು ಕಂಡಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ರುದ್ನಿಕ್ 1932ರಲ್ಲಿ ಪೋಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಲಿತದ್ದು ಎಲೆಕ್ಟ್ರಾನಿಕ್ಸ್. 1950ರ ದಶಕದ ನಡುವಿನಲ್ಲಿ ವಾರ್ಸಾದ ಪೋಲಿಷ್ ರೇಡಿಯೋವನ್ನು ತಂತ್ರಜ್ಞರಾಗಿ ಸೇರಿದರು. 1956ರ ರಾಜಕೀಯ ಬದಲಾವಣೆಯ ನಂತರ ಅಲ್ಲಿನ ಸಂಗೀತಗಾರರಿಗೆ ನೆರೆಯ ಕಮ್ಯುನಿಸ್ಟ್ ದೇಶಗಳಲ್ಲಿ ಇಲ್ಲದಷ್ಟು ಸ್ವಾತಂತ್ರ್ಯ ಸಿಕ್ಕಿತ್ತು. ಆ ಗಾಳಿಯಲ್ಲಿಯೇ 1957ರಲ್ಲಿ ಸಂಗೀತಶಾಸ್ತ್ರಜ್ಞ ಯೂಝೆಫ್ ಪಾತ್ಕೋವ್‌ಸ್ಕಿ ಅವರು ಪೋಲಿಷ್ ರೇಡಿಯೋದ ಪ್ರಯೋಗಾತ್ಮಕ ಸ್ಟುಡಿಯೋವನ್ನು ಆರಂಭಿಸಿದರು. ಪ್ಯಾರಿಸ್, ಕಲೋನ್, ಮಿಲಾನ್ ನಗರಗಳ ರೇಡಿಯೋಗಳಲ್ಲಿ ಆ ಹೊತ್ತಿಗಾಗಲೇ ಇಂಥ ಸ್ಟುಡಿಯೋಗಳಿದ್ದವು. ರೇಡಿಯೋ ನಾಟಕಗಳಿಗೂ ಚಲನಚಿತ್ರಗಳಿಗೂ ಬೇಕಾದ ಸದ್ದುಗಳನ್ನು ಒದಗಿಸುವುದು ವಾರ್ಸಾ ಸ್ಟುಡಿಯೋದ ದಿನನಿತ್ಯದ ಕೆಲಸ. ಅದೇ ಯಂತ್ರಗಳ ಮುಂದೆ ಕುಳಿತು ರುದ್ನಿಕ್ ಹೊಸ ಸಂಗೀತವನ್ನು ಕಟ್ಟಿದರು.

ಕಟ್ಟಿದರು ಎಂದದ್ದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಆ ಸ್ಟುಡಿಯೋದಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಕಾಲು ಇಂಚು ಅಗಲದ ಟೇಪು, ಧ್ವನಿಮುದ್ರಣ ಯಂತ್ರಗಳು, ಶುದ್ಧ ಸ್ವರ ಹೊರಡಿಸುವ ಜನರೇಟರ್‌ಗಳು, ಸ್ವರದ ಒಂದೊಂದು ಭಾಗವನ್ನು ಸೋಸಿ ತೆಗೆಯುವ ಫಿಲ್ಟರ್‌ಗಳು, ಕತ್ತರಿ ಮತ್ತು ಅಂಟುಪಟ್ಟಿ ಇಷ್ಟೇ ಉಪಕರಣ. ಸ್ಟುಡಿಯೋಗಳ ಮುದ್ರಣ ವೇಗದಲ್ಲಿ ಒಂದು ಸೆಕೆಂಡಿನ ಸದ್ದಿಗೆ ಸುಮಾರು 38 ಸೆಂಟಿಮೀಟರ್ ಟೇಪು ಬೇಕಾಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದ ಸದ್ದು ಬೇಕೆಂದರೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಉದ್ದದ ತುಂಡನ್ನು ಅಳೆದು ಕತ್ತರಿಸಬೇಕು. ಮೊದಲು ರೀಲನ್ನು ಕೈಯಿಂದಲೇ ಹಿಂದೆ ಮುಂದೆ ತಿರುಗಿಸುತ್ತಾ, ಸದ್ದು ಎಲ್ಲಿ ಮೊಳೆಯುತ್ತದೆಂದು ಕಿವಿಯಿಂದ ಹುಡುಕಿ, ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಬೇಕು. ನಮ್ಮ ತೋಟಗಳಲ್ಲಿ ಕಸಿ ಕಟ್ಟುವಾಗ ಕಡ್ಡಿಯನ್ನು ಓರೆಯಾಗಿ ಕೊಯ್ಯುವಂತೆ ಟೇಪನ್ನೂ ಓರೆಯಾಗಿಯೇ ಕತ್ತರಿಸಬೇಕು, ನೇರವಾಗಿ ಕತ್ತರಿಸಿದರೆ ಬೆಸುಗೆಯ ಜಾಗದಲ್ಲಿ ಟಕ್ ಎಂಬ ಸದ್ದು ಕೇಳಿಬರುತ್ತದೆ. ಒಂದು ತುಂಡನ್ನು ತಿರುಗುಮುರುಗಾಗಿ ಅಂಟಿಸಿದರೆ ಸದ್ದು ಕೊನೆಯಿಂದ ಮೊದಲಿಗೆ ಉಬ್ಬುತ್ತಾ ಬರುತ್ತದೆ, ಎರಡು ತುದಿಗಳನ್ನು ಕೂಡಿಸಿ ಬಳೆಯಾಗಿಸಿದರೆ ಅದು ಎಡೆಬಿಡದೆ ಮರುಕಳಿಸುತ್ತದೆ. ಕೆಲವು ನಿಮಿಷಗಳ ಕೃತಿಯೊಂದಕ್ಕೆ ಈ ಕೆಲಸ ಎಷ್ಟು ಸಲ ನಡೆಯಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಇದಕ್ಕಿಂತ ಹೆಚ್ಚು ಕೈಗೆ ಅಂಟಿದ ಸಂಗೀತ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ವ್ವೊಜಿಮ್ಯೆಷ್ ಕೊತೊನ್ಸ್ಕಿ ಎಂಬ ಸಂಯೋಜಕರು 1959ರಲ್ಲಿ ಈ ಸ್ಟುಡಿಯೋದಲ್ಲಿ ರೂಪಿಸಿದ ಕಿರು ಕೃತಿಗೆ ಮೂಲವಾದದ್ದು ಕಂಚಿನ ತಟ್ಟೆವಾದ್ಯದ ಒಂದೇ ಒಂದು ಹೊಡೆತ. ಅದನ್ನು ಫಿಲ್ಟರ್‌ಗಳಲ್ಲಿ ಸೋಸಿ, ವೇಗ ಬದಲಾಯಿಸಿ ಬೇರೆ ಬೇರೆ ಶ್ರುತಿಗೆ ಏರಿಸಿ ಇಳಿಸಿ, ತುಂಡು ತುಂಡಾಗಿ ಜೋಡಿಸಲಾಯಿತು. 1962ರಲ್ಲಿ ವಾಸ್ತುಶಿಲ್ಪಿ ಓಸ್ಕರ್ ಹಾನ್ಸೆನ್ ಅವರು ಸ್ಟುಡಿಯೋಗೆ ವಿನ್ಯಾಸ ಮಾಡಿಕೊಟ್ಟ ಕೋಣೆಯ ಗೋಡೆಗಳಿಗೆ ತಿರುಗಿಸಬಹುದಾದ ಹಲಗೆಗಳಿದ್ದವು. ಅವುಗಳ ಒಂದು ಮೈ ಸದ್ದನ್ನು ಹೀರಿಕೊಂಡರೆ ಇನ್ನೊಂದು ಮೈ ಅದನ್ನು ಹಿಂದಿರುಗಿಸುತ್ತಿತ್ತು.

ಸ್ಟುಡಿಯೋಗೆ ಬರುತ್ತಿದ್ದ ಸಂಯೋಜಕರಲ್ಲಿ ಹಲವರಿಗೆ ಯಂತ್ರಗಳ ಪರಿಚಯ ಇರಲಿಲ್ಲ. ಅವರು ಒಂದು ಕಲ್ಪನೆಯನ್ನೋ ಕಾಗದದ ಮೇಲಿನ ಒಂದು ನಕ್ಷೆಯನ್ನೋ ತಂದರೆ ಅದನ್ನು ಸದ್ದಾಗಿಸುವುದು ರುದ್ನಿಕ್ ಅವರಂಥ ತಂತ್ರಜ್ಞರ ಪಾಲಿಗೆ ಬರುತ್ತಿತ್ತು. ಮುಂದೆ ಜಗತ್ಪ್ರಸಿದ್ಧರಾದ ಕ್ಷಿಷ್ತೋಫ್ ಪೆಂದೆರೆಟ್ಸ್ಕಿ ಅವರು ಮನುಷ್ಯನ ಕಂಠದ ಸ್ವರ, ವ್ಯಂಜನಗಳನ್ನೇ ದ್ರವ್ಯವಾಗಿಸಿಕೊಂಡು ರಚಿಸಿದ ‘ಪ್ಸಾಲ್ಮುಸ್ 1961’ ಹೀಗೆ ರುದ್ನಿಕ್ ಅವರ ಕೈಯಲ್ಲಿ ರೂಪ ಪಡೆಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಪೆಂದೆರೆಟ್ಸ್ಕಿ ರಚಿಸಿದ ‘ಎಕೆಖೈರಿಯಾ’ ಕೂಡ ಇದೇ ಸ್ಟುಡಿಯೋದ ಕೆಲಸ. ನಾರ್ವೆಯ ಸಂಯೋಜಕ ಅರ್ನೆ ನೋರ್ದ್‌ಹೈಮ್ ವಾರ್ಸಾಗೆ ಬಂದು ರುದ್ನಿಕ್ ಜತೆಗೂಡಿ ‘ಸಾಲಿಟೇರ್’, ‘ಪಾಚೆ’ ಮೊದಲಾದ ಕೃತಿಗಳನ್ನು ಸಿದ್ಧಪಡಿಸಿದರು. ಆದರೆ ಸಂಯೋಜಕರ ಹೆಸರು ದೊಡ್ಡ ಅಕ್ಷರದಲ್ಲಿ ಬಂದಾಗ ತಂತ್ರಜ್ಞನ ಹೆಸರು ಕೆಳಗೆ ಸಣ್ಣದಾಗಿಯೇ ಉಳಿಯುವುದು ಆ ಕಾಲದ ರೂಢಿ. ಯಾವ ಸದ್ದು ಉಳಿಯಬೇಕು, ಯಾವುದು ಹೋಗಬೇಕು, ಒಂದರ ಪಕ್ಕಕ್ಕೆ ಇನ್ನೊಂದು ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿ ತೀರ್ಮಾನಿಸುವವನನ್ನು ಬರಿಯ ಸಹಾಯಕ ಎಂದು ಕರೆಯುವುದು ನ್ಯಾಯವಲ್ಲ.

1960ರ ದಶಕದ ನಡುವಿನಿಂದ ರುದ್ನಿಕ್ ತಮ್ಮ ಹೆಸರಿನಲ್ಲಿಯೇ ಕೃತಿಗಳನ್ನು ರಚಿಸತೊಡಗಿದರು. ‘ಕೊಲಾಜ್’ 1965ರದು, ‘ದೀಕ್ಸಿ’ 1967ರದು. ಅವರ ವೈಶಿಷ್ಟ್ಯವಿದ್ದದ್ದು ಅವರು ಆಯ್ದುಕೊಂಡ ಸಾಮಗ್ರಿಯಲ್ಲಿ. ರೇಡಿಯೋದಲ್ಲಿ ಕಾರ್ಯಕ್ರಮವನ್ನು ಸಂಕಲನ ಮಾಡುವಾಗ ಭಾಷಣಕಾರರ ತೊದಲು, ಕೆಮ್ಮು, ಉಸಿರು, ಅರ್ಧಕ್ಕೆ ನಿಂತ ಮಾತು ಇವನ್ನೆಲ್ಲ ಕತ್ತರಿಸಿ ಬಿಸಾಡುವುದು ವಾಡಿಕೆ. ರುದ್ನಿಕ್ ಆ ಬಿಸಾಡಿದ ತುಣುಕುಗಳನ್ನು ಹೆಕ್ಕಿ ಇಟ್ಟುಕೊಂಡು, ಅವುಗಳಿಂದಲೇ ಸಂಗೀತ ಮಾಡಿದರು. 1992ರ ‘ಹಕ್ಕಿಗಳು ಮತ್ತು ಮನುಷ್ಯರು’ ಎಂಬ ಅವರ ಕೃತಿಯ ಉಪಶೀರ್ಷಿಕೆಯಲ್ಲಿ ನಾಲ್ವರು ಕಲಾವಿದರು ಮತ್ತು ಎರಡು ಪಿಟೀಲುಗಳ ಜತೆಗೆ ಎರಡು ನೈಟಿಂಗೇಲ್ ಹಕ್ಕಿಗಳು, ಕತ್ತರಿ ಮತ್ತು ಒಬ್ಬ ಹಳ್ಳಿಯ ಕುಂಬಾರಗಿತ್ತಿಯ ಉಲ್ಲೇಖವಿದೆ. ಕತ್ತರಿಗೂ ಕುಂಬಾರಗಿತ್ತಿಗೂ ಪಿಟೀಲಿನ ಸಾಲಿನಲ್ಲಿಯೇ ಜಾಗ ಕೊಟ್ಟ ಮನಸ್ಸು ದೊಡ್ಡದು. 2014ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವೊಂದು ಬಂದಿತು. 2016ರಲ್ಲಿ ಅವರು ತೀರಿಕೊಂಡರು.

ಕೊಡಗಿನ ಓದುಗರ ಮುಂದೆ ಇದನ್ನು ಇಡುವುದಕ್ಕೆ ನನಗೆ ಬಲವಾದ ಕಾರಣವಿದೆ. ನಮ್ಮ ಐನ್‌ಮನೆಗಳಲ್ಲಿ, ತೋಟದ ಮನೆಗಳಲ್ಲಿ, ಪಟ್ಟಣದ ಹಳೆಯ ಧ್ವನಿವರ್ಧಕ ಅಂಗಡಿಗಳಲ್ಲಿ ಮದುವೆ, ಪುತ್ತರಿ, ಊರ ಹಬ್ಬಗಳ ಸಂದರ್ಭದಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು ಈಗಲೂ ಇವೆ. ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವರ ದುಡಿಕೊಟ್ಟ್ ಪಾಟ್‌ನ ಅಂಥ ಕ್ಯಾಸೆಟ್ಟುಗಳಲ್ಲಿ ಇಬ್ಬರು ಒಂದು ಸಾಲು ಹಾಡಿ ನಿಲ್ಲಿಸಿ, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುವ ಆ ಕ್ಷಣದಲ್ಲಿ ಉಸಿರು ಎಳೆದುಕೊಳ್ಳುವುದು, ಗಂಟಲು ಸರಿಮಾಡಿಕೊಳ್ಳುವುದು, ದುಡಿಯ ಹಗ್ಗವನ್ನು ಬಿಗಿ ಹಿಡಿಯುವುದು, ಹಿಂದೆ ಯಾರೋ ಮಗುವನ್ನು ಸುಮ್ಮನಿರಿಸುವುದು ಎಲ್ಲವೂ ಕೇಳಿಸುತ್ತವೆ. ಹಾಡಿನ ಪಠ್ಯ ಪುಸ್ತಕದಲ್ಲಿ ಸಿಗುತ್ತದೆ, ನಡಿಕೇರಿಯಂಡ ಚಿಣ್ಣಪ್ಪನವರು 1924ರಷ್ಟು ಹಿಂದೆಯೇ ‘ಪಟ್ಟೋಲೆ ಪಳಮೆ’ಯಲ್ಲಿ ಅವನ್ನು ಅಚ್ಚಿಗೆ ತಂದಿದ್ದಾರೆ. ಆದರೆ ಒಬ್ಬ ನಿರ್ದಿಷ್ಟ ಹಾಡುಗಾರನ ಉಸಿರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ನಮ್ಮ ಜಿಲ್ಲೆಯ ಬುಡಕಟ್ಟಿನವರಾದ ಎರವರು ಮತ್ತು ಕುರುಬರ ಹಾಡುಗಳ ವಿಷಯದಲ್ಲಿ ಇದು ಇನ್ನೂ ತುರ್ತಿನ ಮಾತು.

ನಮ್ಮ ಮಳೆಗಾಲದ ತೇವ ಟೇಪಿಗೆ ಪರಮ ಶತ್ರು. ಟೇಪಿನ ಮೇಲಿನ ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿ ಮೆತ್ತಗಾದರೆ, ಯಂತ್ರಕ್ಕೆ ಹಾಕಿದಾಗ ಪುಡಿ ಉದುರಿ, ಟೇಪಿನಿಂದ ಧ್ವನಿಯನ್ನು ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅದರೊಂದಿಗೆ ಧ್ವನಿಯೂ ಹೋಗುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಕೇಳುವ ಆಸೆಯಿಂದ ದಯವಿಟ್ಟು ಯಾರೂ ಹಾಗೆಯೇ ಹಾಕಬಾರದು. ಅದನ್ನು ತೇವವಿಲ್ಲದ ಜಾಗದಲ್ಲಿ, ಸ್ಪೀಕರಿನಿಂದ ದೂರದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಟ್ಟು, ತಿಳಿದವರಿಂದ ಶುಚಿ ಮಾಡಿಸಿ, ಡಿಜಿಟಲ್ ರೂಪಕ್ಕೆ ವರ್ಗಾಯಿಸಿಕೊಳ್ಳಬೇಕು.

ಇಂಥ ಕೆಲಸದಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಉದಾಹರಣೆ ಇದೆ. ಅಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಮೂಗ್ ಸಿಂಥಸೈಸರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಇರುವ ಸ್ಟುಡಿಯೋವನ್ನು ಸ್ಥಾಪಿಸಲು ನೆರವಾದರು. ಗೀತಾ ಸಾರಾಭಾಯಿ ಮತ್ತಿತರ ಭಾರತೀಯರು ಅಲ್ಲಿ ಮಾಡಿದ ಸಂಗೀತದ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದು, 2023ರಲ್ಲಷ್ಟೇ ಧ್ವನಿಮುದ್ರಿಕೆಯಾಗಿ ಹೊರಬಂದವು. ಭಾರತದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯ ಆರಂಭ ಅಷ್ಟರ ಮಟ್ಟಿಗೆ ಹಿಂದಿನ ಕಾಲಕ್ಕೆ ಸರಿಯಿತು.

ಆದ್ದರಿಂದ ಆಕಾಶವಾಣಿಯ ಮಡಿಕೇರಿ ಕೇಂದ್ರ, ಕೊಡವ ಮತ್ತು ಅರೆಭಾಷೆ ಸಾಹಿತ್ಯ ಅಕಾಡೆಮಿಗಳು ಒಟ್ಟಾಗಿ ಜಿಲ್ಲೆಯ ಹಳೆಯ ಧ್ವನಿಮುದ್ರಣಗಳ ಒಂದು ಪಟ್ಟಿಯನ್ನಾದರೂ ಮೊದಲು ಮಾಡಬೇಕೆಂದು ವಿನಂತಿಸುತ್ತೇನೆ. ಪಟ್ಟಿಯಲ್ಲಿ ಹಾಡಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಎಂಬುದರೊಂದಿಗೆ ಯಂತ್ರ ಹಿಡಿದು ಮುದ್ರಿಸಿಕೊಂಡವರ ಮತ್ತು ಸಂಕಲನ ಮಾಡಿದವರ ಹೆಸರನ್ನೂ ಅದೇ ಅಳತೆಯ ಅಕ್ಷರದಲ್ಲಿ ಬರೆಯಬೇಕು. ಅವರಲ್ಲಿ ಅನೇಕರು ಇಂದು ವಯೋವೃದ್ಧರು, ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ತಮ್ಮ ಪತ್ರಿಕೆಯು ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣ ಅಂಕಣವನ್ನು ಇದಕ್ಕೆ ಮೀಸಲಿಟ್ಟು, ಮನೆಗಳಲ್ಲಿರುವ ಕ್ಯಾಸೆಟ್ಟು, ರೀಲುಗಳ ವಿವರವನ್ನು ಓದುಗರಿಂದ ಕೇಳಿ ಪ್ರಕಟಿಸಿದರೆ ಈ ಮಳೆಗಾಲ ಆರಂಭವಾಗುವ ಮೊದಲೇ ಕೆಲಸ ಶುರುವಾಗಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕ,
ಪೊನ್ನಂಪೇಟೆ, ಕೊಡಗು