ಸ್ಮೋಕ್‌ಹೌಸಿನ ಕಿಂಡಿ ಮುಚ್ಚಿದರೆ ರಬ್ಬರ್ ಶೀಟ್ ಒಣಗದು

ಮಾನ್ಯ ಸಂಪಾದಕರೇ,

ಪತ್ರಿಕೆಯ ಧಾರಣೆ ಅಂಕಣದಲ್ಲಿ ಆರ್‌ಎಸ್‌ಎಸ್-4ಕ್ಕೂ (ಹೊಗೆಯಲ್ಲಿ ಒಣಗಿಸಿದ ನಾಲ್ಕನೇ ದರ್ಜೆಯ ಶೀಟ್) ಲಾಟ್‌ಗೂ (ದರ್ಜೆಗೆ ಸೇರದ, ಕಡಿಮೆ ದರದ ಶೀಟ್) ಇರುವ ದರದ ಅಂತರವನ್ನು ಸುಳ್ಯ, ಪುತ್ತೂರು, ಬೆಳ್ತಂಗಡಿ ಭಾಗದ ರಬ್ಬರ್ ಬೆಳೆಗಾರರು ದಿನವೂ ನೋಡುತ್ತಾರೆ. ಮರಕ್ಕೆ ಮಳೆನೀರು ತಡೆಯುವ ರೈನ್‌ಗಾರ್ಡ್ ಕಟ್ಟಿ, ಜಡಿಮಳೆಯಲ್ಲಿ ತೊಗಟೆ ಕೊಯ್ದು ಹಾಲಿಳಿಸುವ ಟ್ಯಾಪಿಂಗ್ ಮಾಡಿಸಿ ತಂದ ಒಳ್ಳೆಯ ಹಾಲು ಕೊನೆಗೆ ಲಾಟ್ ದರಕ್ಕೆ ಹೋಗುವುದು ಸಂಕಟದ ವಿಷಯ. ಬಹಳಷ್ಟು ಸಲ ಕೆಡುವುದು ಶೀಟನ್ನು ಹೊಗೆ-ಬಿಸಿಯಲ್ಲಿ ಒಣಗಿಸುವ ಸ್ಮೋಕ್‌ಹೌಸಿನಲ್ಲಿ. ಮಳೆಗೆ ಬಿಸಿ ನಿಲ್ಲದೆಂದು ಮೇಲಿನ ಕಿಂಡಿಗಳನ್ನೆಲ್ಲ ಮುಚ್ಚಿ, ಒಲೆಗೆ ಸೌದೆ ತುಂಬುವ ರೂಢಿಯನ್ನು ಬಿಡಲೇಬೇಕು.

ಒಲೆಯ ಬಾಯಿಯ ಕೆಲಸ ಬೇರೆ, ಮೇಲಿನ ಕಿಂಡಿಯ ಕೆಲಸ ಬೇರೆ. ಬೆಂಕಿಯ ಹದ ಒಲೆಯ ಬಾಯಿಯಲ್ಲಿದೆ: ಬಿಸಿ ಏರಿದರೆ ಅದನ್ನು ಕಿರಿದು ಮಾಡಬೇಕು, ಇಳಿದರೆ ಸ್ವಲ್ಪ ತೆರೆಯಬೇಕು. ಮೇಲಿನ ಕಿಂಡಿ ಇರುವುದು ಶೀಟಿನಿಂದ ಎದ್ದ ನೀರಾವಿ ಹೊರಹೋಗಲು. ಅದನ್ನು ಮುಚ್ಚಿದರೆ ಆವಿ ಮಾಡಿನ ತಗಡಿಗೆ ತಾಗಿ, ಹನಿಗಟ್ಟಿ ಮತ್ತೆ ಶೀಟಿನ ಮೇಲೆಯೇ ತೊಟ್ಟಿಕ್ಕುತ್ತದೆ.

ಹಾಲನ್ನು ಹೆಪ್ಪುಗಟ್ಟಿಸಿ ಮಷಿನಿನಲ್ಲಿ ಒತ್ತಿ ತೆಗೆದ ಶೀಟನ್ನು ಎರಡು-ಮೂರು ಗಂಟೆ ನೆರಳಲ್ಲಿ ನೀರು ಬಸಿಯಲು ಬಿಟ್ಟು ಆಮೇಲೆ ಒಳಗೆ ಹಾಕಬೇಕು. ಮೊದಲ ದಿನ 40ರಿಂದ 45 ಡಿಗ್ರಿ ಸೆಲ್ಸಿಯಸ್ ಸಾಕು, ಕಿಂಡಿ ಪೂರ್ತಿ ತೆರೆದಿರಲಿ. ಎರಡನೇ ದಿನದಿಂದ ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತ 50-55ಕ್ಕೆ ಏರಿಸಬಹುದು. 60 ದಾಟಬಾರದು. ಹಸಿ ಶೀಟಿಗೆ ಒಮ್ಮೆಲೇ ಬಿಸಿ ಕೊಟ್ಟರೆ ಹೊರಮೈ ಬಿಗಿದುಕೊಳ್ಳುತ್ತದೆ, ಒಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಬಂದ ಶೀಟನ್ನು ಮತ್ತೆ ಸರಿಮಾಡಲಾಗದು.

ಕೈಯಿಟ್ಟು ಅಂದಾಜು ಮಾಡುವ ಬದಲು ಒಂದು ಥರ್ಮಾಮೀಟರ್ ತೂಗಿಸಿ. ಅದು ಬಾಗಿಲ ಬಳಿ ಬೇಡ, ಶೀಟುಗಳ ನಡುವೆ, ಅವುಗಳದೇ ಎತ್ತರದಲ್ಲಿರಲಿ. ಸೌದೆ ದಪ್ಪದ್ದಾಗಿರಬೇಕು. ಒಣ ಮಡಲು, ಚೂರುಕಡ್ಡಿ ಹಾಕಿದರೆ ಭಗ್ಗನೆ ಉರಿದು ಬಿಸಿ ಕೈಮೀರುತ್ತದೆ. ಕಿಡಿ ಹಾರಿದರೆ ಶೀಟಿನೊಂದಿಗೆ ಕಟ್ಟಡವೂ ಹೋದೀತು. ಹೊಗೆ ಒಳಬರುವ ಕಂಡಿಯ ಮೇಲೆ ತುಸು ಎತ್ತರದಲ್ಲಿ ಕಬ್ಬಿಣದ ತಗಡು ಅಡ್ಡವಿದ್ದರೆ ಬಿಸಿ ನಾಲ್ಕೂ ಕಡೆ ಹರಡುತ್ತದೆ. ಇಲ್ಲದಿದ್ದರೆ ನಡುವಿನವು ಕಪ್ಪಾಗುತ್ತವೆ, ಮೂಲೆಯವು ಹಸಿಯಾಗಿಯೇ ಉಳಿಯುತ್ತವೆ. ನೇತುಹಾಕಿದ ಕೋಲಿನ ಗುರುತು ಬೀಳದಂತೆ ದಿನಕ್ಕೊಮ್ಮೆ ಶೀಟನ್ನು ಸರಿಸಿ ಹಾಕಬೇಕು.

ನಾಲ್ಕೈದು ದಿನಕ್ಕೆ ಶೀಟ್ ತಯಾರಾಗುತ್ತದೆ. ಬೆಳಕಿಗೆ ಹಿಡಿದಾಗ ಜೇನಿನ ಬಣ್ಣದಲ್ಲಿ ಪಾರದರ್ಶಕವಾಗಿ ಕಂಡರೆ ಒಣಗಿದೆ. ಎಲ್ಲಾದರೂ ಬಿಳಿ ಮಚ್ಚೆಯಿದ್ದರೆ ಅಲ್ಲಿ ಇನ್ನೂ ನೀರಿದೆ, ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ.

ಟ್ಯಾಪಿಂಗ್‌ಗೆ ತರಬೇತಿ ಕೊಡುವಂತೆ ಒಲೆ-ಕಿಂಡಿಗಳ ನಿರ್ವಹಣೆಗೂ ಮಳೆಗಾಲಕ್ಕೆ ಮುಂಚೆಯೇ ಊರೂರಲ್ಲಿ, ಬೆಂಕಿ ಹಾಕಿದ ಸ್ಮೋಕ್‌ಹೌಸಿನಲ್ಲಿಯೇ ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂದು ರಬ್ಬರ್ ಮಂಡಳಿಯನ್ನೂ ಬೆಳೆಗಾರರ ಸಂಘಗಳನ್ನೂ ವಿನಂತಿಸುತ್ತೇನೆ.

– ರಬ್ಬರ್ ಬೆಳೆಗಾರ, ಸುಳ್ಯ