ಅಪ್ಪನ ಸೊಂಟ

ಉಲ್ಮ್, ಜರ್ಮನಿ
ಭಾನುವಾರ

ಅಮ್ಮ,

ನಮಸ್ಕಾರ. ನಾನು ಆರಾಮ. ಸುಮಾ ಬರೆದದ್ದು ಓದಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಪ್ಪನಿಗೆ ಆಪರೇಷನ್ನೇ ಆಗಬೇಕು ಅಂದವರು ಯಾರು? ಡಾಕ್ಟರೋ, ಮಾವನೋ? ಮಾವ ಆದರೆ ಬಿಟ್ಟುಬಿಡು.

"ನೀನೇ ಬೆನ್ನಿನ ಡಾಕ್ಟರು ಅಲ್ವಾ" ಅಂತ ಅವಳ ಕೈಲಿ ಬರೆಸಿದ್ದೀಯ. ನಾನು ಅಂಥ ಡಾಕ್ಟರಲ್ಲಮ್ಮ. ನನ್ನ ಹತ್ತಿರ ಇರುವುದು ಕಂಪ್ಯೂಟರಿನೊಳಗಿನ ಸೊಂಟ. ಐದು ಮೂಳೆ, ನಡುವೆ ಮೆತ್ತೆಯಂಥ ಡಿಸ್ಕು, ಅವನ್ನು ಹಿಡಿದಿಟ್ಟ ಏಳು ಬಗೆಯ ಲಿಗಮೆಂಟು, ಅಂದರೆ ಪಟ್ಟಿಯಂಥ ಕಟ್ಟು. ಗೌರಿಯ ಹಗ್ಗ ನೆನೆಸಿಕೋ. ಗೂಟದ ಹತ್ತಿರ ಇದ್ದರೆ ಸಡಿಲ, ದೂರ ಹೋದರೆ ಬಿಗಿದು ತಡೆಯುತ್ತದೆ. ಲಿಗಮೆಂಟೂ ಹಾಗೇ. ಎಲ್ಲಿಯವರೆಗೆ ಸಡಿಲ, ಎಲ್ಲಿಂದ ಬಿಗಿ, ಅದೇ ನನ್ನ ಲೆಕ್ಕ. ಹೋದ ವಾರ ಒಂದು ಸೊನ್ನೆ ಜಾಸ್ತಿ ಹಾಕಿ ಇಡೀ ಸೊಂಟ ನುಚ್ಚುನೂರಾಯಿತು. ಅಳಿಸಿ ಮತ್ತೆ ಶುರು ಮಾಡಿದೆ. ಅಪ್ಪನದನ್ನು ಹಾಗೆ ಅಳಿಸೋಕಾಗುತ್ತಾ?

ಆದರೂ ಕೇಳು. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ಲಿಗಮೆಂಟಿಗೆ ಸಡಿಲವೇ ಕಡಿಮೆ. ಅಪ್ಪ ಎದ್ದ ಕೂಡಲೇ ಬಗ್ಗಿ ಸಗಣಿ ಬಾಚುತ್ತಾರಲ್ಲ, ಅದು ಬೇಡ. ಒಂದು ಗಂಟೆ ಓಡಾಡಲಿ, ಕಾಫಿ ಕುಡಿಯಲಿ. ಹಿಂಡಿ ಚೀಲವಂತೂ ಮುಟ್ಟಕೂಡದು. ಇದೇ ಊರಿನವರು ಒಬ್ಬರ ಡಿಸ್ಕಿನೊಳಗೆ ಸಣ್ಣ ಸೆನ್ಸರ್ ಇಟ್ಟು ಒತ್ತಡ ಅಳೆದು 1999ರಲ್ಲಿ ಪ್ರಕಟಿಸಿದ್ದಾರೆ. ಸುಮ್ನೆ ನಿಂತರೆ 0.5 ಮೆಗಾಪಾಸ್ಕಲ್. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದರೆ 2.3! ಅಪ್ಪ ಎತ್ತುವ ಚೀಲ 50 ಕಿಲೋ.

ಕಾಲಿಗೆ ಬಲ ಇಲ್ಲದಂತಾದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ನನ್ನ ಕೇಳುತ್ತಾ ಕೂರಬೇಡ. ಆ ಕ್ಷಣವೇ ಹಾಸನಕ್ಕೆ ಕರೆದುಕೊಂಡು ಹೋಗು. ಅಂಥದ್ದೇನೂ ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸೋಣ. ಎಂಆರ್‌ಐ ಫೋಟೋ ಸುಮಾ ವಾಟ್ಸಾಪ್ ಮಾಡಲಿ. ಇಲ್ಲಿ ನನಗೆ ತೋರಿಸೋಕೆ ಜನ ಇದ್ದಾರೆ. ದುಡ್ಡು ನಾನು ಕಳಿಸುತ್ತೇನೆ, ಗೌರಿಯನ್ನು ಮಾರುವ ಮಾತು ಬೇಡ.

ನನ್ನ ಚಿಂತೆ ಬಿಡು. ಚಳಿ ಅಂಥದ್ದೇನಿಲ್ಲ, ಎರಡು ಸ್ವೆಟರ್ ಹಾಕಿದರೆ ಸಾಕು. ಇಲ್ಲಿ ಭಾನುವಾರ ಅಂಗಡಿ ಬಂದ್, ಸದ್ದೂ ಮಾಡುವ ಹಾಗಿಲ್ಲ. ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ್ದಕ್ಕೆ ಕೆಳಗಿನ ಮನೆ ಅಜ್ಜಿ ಬಾಗಿಲು ತಟ್ಟಿದರು. ದೋಸೆ ಕೊಟ್ಟು ಕಳಿಸಿದೆ. ಹೊಟ್ಟೆ ತುಂಬ ತಿನ್ನುತ್ತಿದ್ದೇನೆ, ಆರೋಗ್ಯ ಚೆನ್ನಾಗಿದೆ, ನಿಜವಾಗಿಯೂ.

ಅಯ್ಯೋ, ಅನ್ನ ಸೀಯುತ್ತಿದೆ. ಫೋಟೋ ಮರೆಯಬೇಡಿ.

ನಿನ್ನ
ರವಿ