ವಿಮಾನಕ್ಕಿಂತ ಮೊದಲು ಸೂರು ಬರಲಿ: ಮೈಸೂರು–ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ವಿಮಾನದ ಮೈ, ರೆಕ್ಕೆ, ಬಾಲ, ಚಕ್ರ, ರಿವೆಟ್ಟು, ಇವಿಷ್ಟೇ ನಾನು ಕಲಿತ ವಿದ್ಯೆ. ಹುಟ್ಟೂರು ಪಾಂಡವಪುರದ ಕಡೆ, ಮನೆ ಈಗ ಕುವೆಂಪುನಗರದಲ್ಲಿ.

ಹೋದ ವಾರ ನಮ್ಮ ಮಾಜಿ ಸೈನಿಕ ಗೆಳೆಯರು ಒಂದು ಮನವಿ ಪತ್ರ ಹಿಡಿದು ಮನೆಗೆ ಬಂದಿದ್ದರು. ಮೈಸೂರಿನ ದೊಡ್ಡ ವೃತ್ತವೊಂದರಲ್ಲಿ ಯುದ್ಧವಿಮಾನವನ್ನು ಕಟ್ಟೆಯ ಮೇಲೆ ನಿಲ್ಲಿಸಬೇಕು, ಸಿಕ್ಕರೆ ವೈರಿಯಿಂದ ವಶಪಡಿಸಿಕೊಂಡದ್ದೂ ಒಂದಿರಲಿ ಎಂಬ ಕೋರಿಕೆ. ಅದು ತಮ್ಮ ಕೈಗೇ ಬರಲಿದೆ. ಉಳಿದವರೆಲ್ಲ ಸಹಿ ಹಾಕಿದರು. ನಾನು ಪೆನ್ನು ತೆಗೆದುಕೊಂಡು ಹಾಗೇ ಕೆಳಗಿಟ್ಟೆ. ನಮ್ಮ ಊರಿಗೆ ವಿಮಾನ ಬರಬೇಕೆಂಬ ಆಸೆ ಆ ಗೆಳೆಯರಿಗಿಂತ ನನಗೇ ಒಂದು ತೂಕ ಹೆಚ್ಚು. ಆದರೆ ಬಂದ ವಿಮಾನ ಹೇಗೆ ಸಾಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ತಮಗೆ ತಿಳಿಸಿದ ಮೇಲೆಯೇ ಸಹಿ ಎಂದು ಅವರಿಗೆ ಹೇಳಿ ಕಳಿಸಿದೆ.

ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಒಂದು ಊರಿಗೆ ಮದುವೆಗೆ ಹೋಗಿದ್ದೆ. ಛತ್ರದ ಎದುರಿನ ಉದ್ಯಾನದಲ್ಲಿ ಒಂದು ಕಿರಣ್ ವಿಮಾನ ನಿಂತಿತ್ತು. ನಮ್ಮ ಬೆಂಗಳೂರಿನಲ್ಲಿ ತಯಾರಾದ ತರಬೇತಿ ಜೆಟ್. ನಾನು ವರ್ಷಗಟ್ಟಲೆ ಕೈಯಾಡಿಸಿದ ಜಾತಿ. ದೂರಕ್ಕೆ ಹೊಳೆಯುತ್ತಿತ್ತು. ಹತ್ತಿರ ಹೋಗಿ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದೆ. ವಿಮಾನದ ಒಳಗೆ ಸೇರಿದ ನೀರು ಇಳಿದುಹೋಗಲೆಂದು ತಳದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಹಬ್ಬ ಬಂದಾಗಲೆಲ್ಲ ಮೇಲಿಂದ ಮೇಲೆ ಬಣ್ಣ ಬಳಿದು ಅವೆಲ್ಲ ಮುಚ್ಚಿಹೋಗಿದ್ದವು. ಒಂದು ತೂತಿಗೆ ಜೇಬಿನ ಪೆನ್ನಿನ ಮೊನೆ ಚುಚ್ಚಿದೆ. ಕಂದು ನೀರು ಧಾರೆಯಾಗಿ ನನ್ನ ರೇಷ್ಮೆ ಪಂಚೆಯ ಮೇಲೆ ಸುರಿಯಿತು. ಅದರೊಂದಿಗೆ ಹುಲ್ಲುಕಡ್ಡಿ, ಹಕ್ಕಿಯ ಪುಕ್ಕ, ಬಿಳಿ ಪುಡಿ. ಆ ಬಿಳಿ ಪುಡಿಯನ್ನು ನೋಡಿ ಹೊಟ್ಟೆ ತೊಳಸಿತು. ಅದು ಸುಣ್ಣವಲ್ಲ, ಧೂಳೂ ಅಲ್ಲ, ವಿಮಾನದ ಮೂಳೆ.

ವಿಮಾನದ ಲೋಹದ ಗುಣ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಜನ ನಂಬಿದ್ದಾರೆ. ಅಡುಗೆಮನೆಯ ಪಾತ್ರೆಗೆ ಆ ಮಾತು ಹೆಚ್ಚುಕಡಿಮೆ ಸರಿ. ವಿಮಾನದ ತಗಡು ಗಟ್ಟಿಯಾಗಲೆಂದು ಅದಕ್ಕೆ ತಾಮ್ರ ಬೆರೆಸಿರುತ್ತಾರೆ, ಆ ಬೆರಕೆಯೇ ನೀರು ಕಂಡರೆ ಅದರ ಶತ್ರು. ಉಕ್ಕಿನ ಬೋಲ್ಟು ಅಲ್ಯುಮಿನಿಯಂಗೆ ತಾಗುವ ಕಡೆ ತೇವ ನಿಂತರೆ ಅಲ್ಯುಮಿನಿಯಂ ತಾನೇ ಕರಗುತ್ತದೆ. ದಪ್ಪ ಭಾಗಗಳು ಒಳಗಿನಿಂದ ಉಬ್ಬಿ, ಹಳೆಯ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತವೆ. ಮೆಗ್ನೀಸಿಯಂ ಭಾಗಗಳದ್ದಂತೂ ಹೇಳುವುದೇ ಬೇಡ. ಪಾರಿವಾಳದ ಹಿಕ್ಕೆ ಬಣ್ಣವನ್ನು ಸುಡುತ್ತದೆ, ಬಿಸಿಲು ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ಹಳದಿಗಟ್ಟಿಸುತ್ತದೆ. ಇದೆಲ್ಲ ಒಳಗೊಳಗೇ ನಡೆಯುವ ಕೆಲಸ. ಹೊರಗೆ ಬಣ್ಣ ಹೊಸದಾಗಿಯೇ ಇರುತ್ತದೆ. ಮೇ ತಿಂಗಳ ಗುಡುಗು ಮಳೆ, ಮುಂಗಾರು, ಮತ್ತೆ ದಸರಾ ಹೊತ್ತಿಗೆ ಹಿಂಗಾರು, ನಡುನಡುವೆ ಸುಡುಬಿಸಿಲು ಇರುವ ನಮ್ಮ ಮೈಸೂರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ನಮ್ಮದೇ ವಿಮಾನಕ್ಕೆ ಈ ಗತಿಯಾದರೆ ವೈರಿಯ ವಿಮಾನಕ್ಕಾಗಿ ಮರುಗುವವರು ಯಾರು? ನಿವೃತ್ತಿಯ ನಂತರ ನಾನು ಬಿಡುವಾದಾಗಲೆಲ್ಲ ಓದಿಕೊಂಡು ಬಂದದ್ದು ಈ ವಿಷಯವನ್ನೇ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರ ಅಕ್ಟೋಬರ್–ನವೆಂಬರಿನಲ್ಲಿ, ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಸೆರೆಸಿಕ್ಕ ಜರ್ಮನ್ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಸಂಭ್ರಮ ಮುಗಿಯಿತು, ಅವುಗಳಲ್ಲಿ ಬಹಳಷ್ಟು ಗುಜರಿಗೆ ಹೋದವು. ಅಮೆರಿಕದವರು ಸುಮಾರು ನಲವತ್ತು ಜರ್ಮನ್ ವಿಮಾನಗಳನ್ನು ಹಡಗಿನಲ್ಲಿ ಹೇರಿಕೊಂಡು ತಮ್ಮ ದೇಶಕ್ಕೇ ಒಯ್ದರು. ಪರೀಕ್ಷೆಗಳು ಮುಗಿದ ಮೇಲೆ ಒಂದಷ್ಟು ಗುಜರಿಯಾದವು, ಒಂದಷ್ಟು ಬಯಲಿಗೆ ಬಿದ್ದವು.

ಆ ಬಯಲಿಗೆ ಬಿದ್ದವುಗಳಲ್ಲಿ ಡಾರ್ನಿಯರ್ 335 ಎಂಬುದೊಂದು. ಮುಂದೊಂದು, ಹಿಂದೊಂದು ಪ್ರೊಪೆಲ್ಲರ್ ಇದ್ದ ವಿಚಿತ್ರ ಯಂತ್ರ. ಅಂಥದ್ದು ಜಗತ್ತಿನಲ್ಲಿ ಉಳಿದಿರುವುದು ಈ ಒಂದೇ. ಅಮೆರಿಕದ ನಾರ್ಫೋಕ್ ನೌಕಾನೆಲೆಯ ಬಯಲಿನಲ್ಲಿ ಅದು 1961ರ ನಂತರವೂ ಕೆಲವು ವರ್ಷ ನಿಂತಿತ್ತು. 1974ರಲ್ಲಿ ದುರಸ್ತಿಗೆಂದು ಅದನ್ನು ತಯಾರಿಸಿದ ಜರ್ಮನಿಯ ಕಾರ್ಖಾನೆಗೇ ಕಳಿಸಿದರು. ಬಿಚ್ಚಿ ನೋಡಿದ ಕೆಲಸಗಾರರಿಗೆ ಎದೆ ಝಲ್ಲೆಂದಿರಬೇಕು. ಅಪಾಯದಲ್ಲಿ ಪೈಲಟ್ ಹೊರಗೆ ಹಾರುವ ಮೊದಲು ಬಾಲದ ರೆಕ್ಕೆಯೂ ಹಿಂದಿನ ಪ್ರೊಪೆಲ್ಲರೂ ಕಳಚಿಹೋಗಲೆಂದು ಇಟ್ಟಿದ್ದ ಸ್ಫೋಟಕ, ಸುಮಾರು ಮೂವತ್ತು ವರ್ಷದ ಮೇಲೂ, ಅಲ್ಲೇ ಇತ್ತು. ಅಷ್ಟು ವರ್ಷ ಅದರ ಹತ್ತಿರ ಓಡಾಡಿದವರಿಗೆ ಅದರ ಸುಳಿವೇ ಇರಲಿಲ್ಲ. ನೋಡಿಕೊಳ್ಳುವವರಿಲ್ಲದ ವಿಮಾನ ಎಂದರೆ ಇದು.

ಜಪಾನಿನ ಶಿಡೆನ್-ಕಾಯ್ ಕಾದಾಟ ವಿಮಾನದ ಕಥೆ ನನ್ನನ್ನು ಇನ್ನೂ ಕಾಡುತ್ತದೆ. ತಯಾರಾದದ್ದು ಸುಮಾರು 400. ಉಳಿದದ್ದು ನಾಲ್ಕು, ಮೂರು ಅಮೆರಿಕದಲ್ಲಿ, ಒಂದು ಜಪಾನಿನಲ್ಲಿ. ಅಮೆರಿಕದ ಮೂರರಲ್ಲಿ ಒಂದನ್ನು ಸ್ಯಾನ್ ಡಿಯೇಗೊ ನಗರದ ಮಕ್ಕಳ ಆಟದ ಬಯಲಿನಲ್ಲಿ ಇಟ್ಟಿದ್ದರು. ಮಕ್ಕಳು ಅದರ ಮೇಲೆ ಹತ್ತಿಳಿದು ಆಡಿರಬೇಕು. ಅದರಲ್ಲಿ ತಪ್ಪೇನಿಲ್ಲ, ಯುದ್ಧದ ಯಂತ್ರ ಮಕ್ಕಳ ಆಟಿಕೆಯಾಗುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಆದರೆ ಕಡಲೂರಿನ ಉಪ್ಪುಗಾಳಿ ಅದನ್ನು ತಿಂದುಹಾಕಿತು. 1959ರಲ್ಲಿ ಅಮೆರಿಕದ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಕೊಡುವ ಹೊತ್ತಿಗೆ ಅದು ಜೀರ್ಣವಾಗಿತ್ತು. ಜಪಾನಿನಲ್ಲಿರುವುದು ಯುದ್ಧದಲ್ಲಿ ಸಮುದ್ರಕ್ಕೆ ಇಳಿದು ಮುಳುಗಿದ್ದು. 1979ರಲ್ಲಿ ಅದನ್ನು ಶಿಕೊಕು ದ್ವೀಪದ ತೀರದಲ್ಲಿ ಮೇಲೆತ್ತಿ, ಹೊಸದರಂತೆ ಮಾಡಲು ಹೋಗದೆ, ಇದ್ದ ಗಾಯಗಳೊಂದಿಗೆ ಸೂರಿನಡಿ ಇಟ್ಟರು. ಅದರ ಚಿತ್ರ ನೋಡಿದಾಗ, ಒಳಗೆ ಕೂತಿದ್ದ ಹುಡುಗನ ನೆನಪಾಗದೆ ಇರದು.

ಅದೇ 1979ರಲ್ಲಿ ಎಮಿಲಿ ಎಂದು ಅಮೆರಿಕದವರು ಕರೆಯುತ್ತಿದ್ದ ಜಪಾನಿನ ದೈತ್ಯ ಹಾರುದೋಣಿಯನ್ನೂ ಅಮೆರಿಕ ಹಿಂದಿರುಗಿಸಿತು. ಆ ಜಾತಿಯಲ್ಲಿ ಉಳಿದಿರುವುದು ಅದೊಂದೇ. ಆದರೆ ತವರಿಗೆ ಮರಳಿದ ಮೇಲೂ ಅದಕ್ಕೆ ಸೂರು ಸಿಗಲಿಲ್ಲ. ಟೋಕಿಯೊದಲ್ಲಿ 2004ರವರೆಗೆ ಬಯಲಿನಲ್ಲಿ, ಆಮೇಲೆ ಕನೋಯಾದಲ್ಲೂ ಬಯಲಿನಲ್ಲೇ.

ಇವೆಲ್ಲ ಪರದೇಶದ ಮಾತು, ನಮಗೇಕೆ ಎಂದು ತಮಗೆ ಅನ್ನಿಸಬಹುದು. ಮಾನ್ಯರೇ, ಇಲ್ಲಿಂದ ಹದಿನೈದು ಕಿಲೋಮೀಟರು ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬ್ರಿಟಿಷರು ಕೊಂಡೊಯ್ದ ಸಾಮಾನುಗಳಲ್ಲಿ ಹೈದರ್–ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳೂ ಇದ್ದವು. ಅವೂ ಸೆರೆಸಿಕ್ಕ ಹಾರುವ ಆಯುಧಗಳೇ, ಆದರೆ ನಮ್ಮವು. ಬ್ರಿಟನ್ನಿನ ವೂಲ್ವಿಚ್‌ನಲ್ಲಿ ಅವನ್ನು ಜೋಪಾನ ಮಾಡಿದರು, ಬಿಚ್ಚಿ ಕಲಿತರು. ವಿಲಿಯಂ ಕಾಂಗ್ರೀವ್ ಅದರಿಂದಲೇ ತನ್ನ ರಾಕೆಟ್ ಮಾಡಿದ. ನಮ್ಮಲ್ಲಿ ಉಳಿದವು ಎಲ್ಲಿದ್ದವು? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಕೆಸರಿನೊಳಗೆ ಸಿಕ್ಕವು. ಸೋತವರ ವಸ್ತುವನ್ನು ಗೆದ್ದವರು ಜೋಪಾನ ಮಾಡಿದ್ದಕ್ಕೆ ನಮ್ಮ ಹಿರಿಯರ ಕೈಕೆಲಸ ಜಗತ್ತಿಗೆ ತಿಳಿಯಿತು. ಹಾಗಿದ್ದಮೇಲೆ ನಾವು ಗೆದ್ದು ತಂದದ್ದನ್ನು ಮಳೆಗೆ ಬಿಡುವುದು ನಮಗೆ ತರವೇ? 1965ರ ಸೆಪ್ಟೆಂಬರ್ 3ರಂದು ಪಸ್ರೂರಿನಲ್ಲಿ ಇಳಿದು ಸೆರೆಯಾದ ನಮ್ಮ ನ್ಯಾಟ್ ವಿಮಾನವನ್ನು ಪಾಕಿಸ್ತಾನದವರು ಕರಾಚಿಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟುಕೊಂಡಿದ್ದಾರೆ. ಅದೇ ಯುದ್ಧದಲ್ಲಿ ಅಸಲ್ ಉತ್ತರ್‌ನಲ್ಲಿ ನಾವು ಹಿಡಿದ ಪ್ಯಾಟನ್ ಟ್ಯಾಂಕುಗಳು ದೇಶದ ಹಲವು ಊರುಗಳಲ್ಲಿ ಬಯಲಿನಲ್ಲಿವೆ.

ಸೆರೆಸಿಕ್ಕ ಇನ್ನೊಂದು ದೆಹಲಿಯ ಪಾಲಮ್‌ನಲ್ಲಿದೆ: ಜಪಾನಿನ ಒಹ್ಕಾ. ಅದು ವಿಮಾನ ಎನ್ನುವುದಕ್ಕಿಂತ ಮನುಷ್ಯ ಕೂತು ನಡೆಸುತ್ತಿದ್ದ ಬಾಂಬು; ಮೂತಿಯಲ್ಲಿ 1,200 ಕಿಲೋ ಸಿಡಿತಲೆ, ಮರದ ರೆಕ್ಕೆ, ಹಿಂದಿರುಗುವ ದಾರಿಯಿಲ್ಲ. ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ನಿಂತಾಗ ನನಗೆ ಗೆಲುವಿನ ಭಾವ ಬರಲಿಲ್ಲ, ಗಂಟಲು ಕಟ್ಟಿತು. ಮರದ ರೆಕ್ಕೆಯ ಆ ವಸ್ತು ಬಯಲಿನಲ್ಲಿದ್ದಿದ್ದರೆ ಎಷ್ಟು ಮಳೆಗಾಲ ತಡೆಯುತ್ತಿತ್ತು?

ನಮ್ಮಲ್ಲಿ ಕೈಚಳಕಕ್ಕೆ ಬರವಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ರಾಶಿಯಿಂದ ಎತ್ತಿ ತಂದು, ನಲವತ್ತಕ್ಕೂ ಹೆಚ್ಚನ್ನು ಮತ್ತೆ ಹಾರಿಸಿದರು. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿರುವ ಲಿಬರೇಟರುಗಳಲ್ಲಿ ಕೆಲವು ಇಲ್ಲಿಂದಲೇ ಹೋದವು. ಆ ಕಾರ್ಖಾನೆಗೆ 1940ರಲ್ಲಿ ನೆಲವನ್ನೂ ಬಂಡವಾಳವನ್ನೂ ಕೊಟ್ಟದ್ದು ಮೈಸೂರು ಸಂಸ್ಥಾನ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ. ಮನವಿ ಪತ್ರ ತಮ್ಮ ಮೇಜಿಗೆ ಬಂದಾಗ ರಕ್ಷಣಾ ಸಚಿವಾಲಯಕ್ಕೆ ವಿಮಾನ ಕೇಳಿ ಬರೆಯುವ ಮೊದಲು, ಅದಕ್ಕೊಂದು ಎತ್ತರದ ತಗಡಿನ ಚಪ್ಪರ, ನೀರು ನಿಲ್ಲದ ನೆಲ ಮತ್ತು ವರ್ಷವರ್ಷ ಅದರ ಹೆಸರಿನಲ್ಲೇ ಬರುವ ನಿರ್ವಹಣೆಯ ಹಣ, ಇಷ್ಟನ್ನು ಕಾಗದದ ಮೇಲೆ ಖಾತ್ರಿ ಮಾಡಿಸಿ. ವೃತ್ತದ ಕಟ್ಟೆ ಬೇಡ. ನಮ್ಮ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ನೋಡಿ. 1899ರ ಮಹಾರಾಣಿಯವರ ಬೋಗಿ ಇನ್ನೂ ಹಾಗೆ ಇರುವುದು ಶ್ರೀರಂಗ ಪೆವಿಲಿಯನ್ನಿನ ಸೂರಿನಿಂದ. ಜಾಗವಿಲ್ಲ, ಕಷ್ಟ ಎಂದು ಅಧಿಕಾರಿಗಳು ಹೇಳಿದರೆ, ಜೋಡಿ ಹಳಿಗಾಗಿ 2017ರಲ್ಲಿ ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಜರುಗಿಸಿದ್ದನ್ನು ನೆನಪಿಸಿ. ಮನಸ್ಸು ಮಾಡಿದರೆ ಆಗುತ್ತದೆ.

ಜೊತೆಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ವೈರಿಯಿಂದ ವಶಪಡಿಸಿಕೊಂಡು ಅಥವಾ ಸೇವೆ ಮುಗಿದು ಊರೂರಿನ ಬಯಲುಗಳಲ್ಲಿ ನಿಂತಿರುವ ವಿಮಾನ, ಟ್ಯಾಂಕುಗಳೆಷ್ಟು, ಅವನ್ನು ನೋಡಿಕೊಳ್ಳುವವರು ಯಾರು, ಒಳಗೆ ಬಗ್ಗಿ ನೋಡಿದ್ದು ಕೊನೆಯ ಬಾರಿ ಯಾವಾಗ. ಉತ್ತರ ಸದನದ ದಾಖಲೆಗೆ ಬರಲಿ.

ವಿಮಾನ ನಿಜವಾಗಿ ಬಂದರೆ, ಮುಂಗಾರಿಗೆ ಮುನ್ನ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ಅದನ್ನು ತೊಳೆದು, ನೀರಿಳಿಯುವ ತೂತುಗಳನ್ನು ಬಿಡಿಸಿ, ಚಕ್ರಗಳ ಮೇಲೆ ಭಾರ ಬೀಳದಂತೆ ಜಾಕ್ ಕೊಡುವ ಕೆಲಸಕ್ಕೆ ಒಳಗೆ ಬಿಡುವ ಅನುಮತಿ ಕೊಡಿಸಿ. ನನ್ನ ಟ್ರೇಡಿನ ಆರು ಮಂದಿ ಮೈಸೂರಿನಲ್ಲೇ ಇದ್ದೇವೆ, ಸಂಬಳ ಬೇಡ. ಹೊಟ್ಟೆಯ ಕೆಳಗೆ ಬಗ್ಗಲು ನನ್ನ ಮಂಡಿ ಇನ್ನೂ ಒಪ್ಪುತ್ತದೆ. ತಮ್ಮ ಉತ್ತರ ಬಂದ ದಿನವೇ ಆ ಮನವಿಗೆ ಸಹಿ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ಭಾರತೀಯ ವಾಯುಪಡೆ
ಕುವೆಂಪುನಗರ, ಮೈಸೂರು